ಅಲಸಂದೆಯ ಹೊಲಕ್ಕೂ ಒಂದು ತುತ್ತು

ಆರೋಗ್ಯ ವಿಭಾಗದಲ್ಲಿ ಗೊಬ್ಬರದ ಮಾತೇಕೆ ಎಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಎಲೆಯ ಮೇಲೆ ಬಡಿಸಿದ ಮೇಲಷ್ಟೇ ನಾವು ಅನ್ನವನ್ನು ಪ್ರಸಾದವೆಂದು ಕಾಣುತ್ತೇವೆ; ಅದು ಮೊಳೆತ ಮಣ್ಣಿನ ಹಸಿವನ್ನು ಕುರಿತು ವಿಚಾರಿಸುವುದಿಲ್ಲ. ಬೇಸಾಯವನ್ನೇ ಕಾಯಕವಾಗಿ ಕೈಗೊಂಡ ಒಕ್ಕಲಿಗ ಮುದ್ದಣ್ಣನಂತಹ ಶರಣರ ಪರಂಪರೆಯಲ್ಲಿ ಈ ಮರೆವು ಶೋಭಿಸುವಂಥದ್ದಲ್ಲ. ಆದುದರಿಂದ ಈ ತಿಂಗಳು ಒಂದು ಚಿಕ್ಕ ಕಾಳನ್ನು, ಅದು ಬೆಳೆಯುವ ಒಂದು ನಿರ್ದಿಷ್ಟ ನೆಲವನ್ನು ಕುರಿತು ನನ್ನ ಅಭಿಪ್ರಾಯವನ್ನು ಬಿನ್ನವಿಸುತ್ತೇನೆ. ಕಾಳು ಅಲಸಂದೆ. ನೆಲ, ರಾಬರ್ಟ್‌ಸನ್‌ಪೇಟೆಯ ಸುತ್ತಲಿನ ಕೆಂಪು ಮಣ್ಣು. ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಹಬ್ಬಿದ, ಮಳೆಯನ್ನೇ ನಂಬಿದ ಹೊಲಗಳು.

ರೇಷ್ಮೆ, ಹಾಲು, ಚಿನ್ನ ಎಂಬ ಮೂರು ಮಾತುಗಳಿಂದ ಕೋಲಾರವನ್ನು ಹೊಗಳುವುದು ರೂಢಿ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹಾಲೂ ರೇಷ್ಮೆಯೂ ಉಳಿದಿವೆ. ಅವುಗಳ ಜೊತೆಗೆ ಟೊಮೆಟೊ ಬಂದಿದೆ. ಈ ಪಟ್ಟಿಯಲ್ಲಿ ಕಾಳಿಗೆ ಎಂದೂ ಸ್ಥಾನ ದೊರೆತಿಲ್ಲ. ಆದರೂ ಈ ಸೀಮೆಯ ಮನೆಗಳಲ್ಲಿ ಮುದ್ದೆಯ ಪಕ್ಕಕ್ಕೆ ಅಲಸಂದೆ ಕಾಳಿನ ಸಾರೋ ಬಸ್ಸಾರೋ ಇಲ್ಲದ ವಾರವಿರಲಿಲ್ಲ. ರಾಗಿಯ ಹೊಲದಲ್ಲಿ ಇಷ್ಟಿಷ್ಟು ಸಾಲಿಗೊಮ್ಮೆ ಅಕ್ಕಡಿ ಹಾಕಿ, ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುವುದು ಹಿರಿಯರ ಕ್ರಮವಾಗಿತ್ತು. ರಾಗಿ ಕೈಕೊಟ್ಟ ವರ್ಷ ಅಕ್ಕಡಿ ಕೈಹಿಡಿಯುತ್ತಿತ್ತು. ಈಗ ಅನೇಕ ಹೊಲಗಳಲ್ಲಿ ಅಕ್ಕಡಿ ಸಾಲು ಕಾಣೆಯಾಗಿದೆ. ಕೊಯ್ಲಿನ ಯಂತ್ರಕ್ಕೆ ಬಗೆಬಗೆಯ ಬೆಳೆಗಳ ಸಾಲುಗಳು ಅಡ್ಡಿ ಎಂಬುದು ಒಂದು ಕಾರಣ. ಅಂಗಡಿಯಲ್ಲಿ ತೊಗರಿಬೇಳೆ ದೊರೆಯುವಾಗ ಇಷ್ಟೆಲ್ಲ ಶ್ರಮವೇಕೆ ಎಂಬ ಮನೋಭಾವ ಇನ್ನೊಂದು.

ಇದರ ಫಲವನ್ನು ದೇಹ ಅನುಭವಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದರ ಪ್ರಮಾಣ ಶೇ. 65ನ್ನು ದಾಟಿದೆ. ಅಲಸಂದೆಯೊಂದೇ ಇದಕ್ಕೆ ಮದ್ದೆಂದು ಹೇಳುವುದು ಅವಿವೇಕ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಟ್ಟು ಕಾಳನ್ನು ನಂಬಬೇಡಿ. ಆದರೆ ನೂರು ಗ್ರಾಂ ಒಣ ಕಾಳಿನಲ್ಲಿ 20ರಿಂದ 24 ಗ್ರಾಂ ಸಸಾರಜನಕವಿದೆ, ಕಬ್ಬಿಣವಿದೆ, ಗರ್ಭಿಣಿಯರಿಗೆ ಅತ್ಯಗತ್ಯವಾದ ಫೋಲೇಟ್ ಹೇರಳವಾಗಿದೆ. ರಾಗಿಯಲ್ಲಿ ಕೊರತೆಯಾದ ಲೈಸಿನ್ ಕಾಳಿನಲ್ಲಿದೆ. ಕಾಳಿನಲ್ಲಿ ಕೊರತೆಯಾದ ಮೆಥಿಯೊನಿನ್ ರಾಗಿಯಲ್ಲಿದೆ. ಮುದ್ದೆಗೂ ಕಾಳುಸಾರಿಗೂ ನಂಟು ಕಟ್ಟಿದ ಅಜ್ಜಿಯರಿಗೆ ಈ ಹೆಸರುಗಳು ತಿಳಿದಿರಲಿಲ್ಲ, ನಂಟು ಮಾತ್ರ ಸರಿಯಾಗಿಯೇ ಇತ್ತು. ಕಾಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಹೊಟ್ಟೆಯುಬ್ಬರ ಕಡಿಮೆ. ಮೊಳಕೆ ಕಟ್ಟಿದರೆ ಮತ್ತೂ ಒಳ್ಳೆಯದು. ಉಣ್ಣುವಾಗ ಒಂದಿಷ್ಟು ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಹತ್ತದು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಕಾಳನ್ನು ಬಳಸತಕ್ಕದ್ದು.

ಇನ್ನು ಮಣ್ಣಿಗೆ ಬರೋಣ.

ಅಲಸಂದೆಯು ಬಡವರ ಬೆಳೆ, ಬರಡು ನೆಲದಲ್ಲೂ ಬರುತ್ತದೆ, ಅದಕ್ಕೆ ಗೊಬ್ಬರ ಬೇಡ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಈ ಬೆಳೆಗೆ ಆದ ಅನ್ಯಾಯಗಳಲ್ಲಿ ಇದೇ ದೊಡ್ಡದು. ಬರುತ್ತದೆ ಎಂಬುದು ನಿಜ. ಆದರೆ ಬರುವುದು ಬೇರೆ, ಫಲಿಸುವುದು ಬೇರೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಬೇರಿಗೆ ಉಣಿಸುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಈ ಗಿಡದ ಬೇರುಗಂಟುಗಳಲ್ಲಿ ವಾಸಿಸುತ್ತದೆ. ಅದು ಪುಕ್ಕಟೆಯಾಗಿ ದುಡಿಯುವುದಿಲ್ಲ. ಗಿಡ ಅದಕ್ಕೆ ಸಕ್ಕರೆ ಕೊಡಬೇಕು, ಮಣ್ಣು ರಂಜಕ ಕೊಡಬೇಕು, ಉಸಿರಾಡಲು ಗಾಳಿ ಮತ್ತು ಸ್ವಲ್ಪ ತೇವ ಇರಬೇಕು. ಈ ಸೀಮೆಯ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಮಳೆ ಬಿದ್ದ ನಾಲ್ಕನೆಯ ದಿನಕ್ಕೇ ಮೇಲ್ಪದರ ಗಟ್ಟಿಯಾಗಿ ಬಿರಿಯುತ್ತದೆ. ಅಂಥಲ್ಲಿ ಗಂಟು ಕಟ್ಟುವುದಾದರೂ ಹೇಗೆ? ಯೂರಿಯಾ ಎರಚಿದರೆ ಎಲೆ ಕಪ್ಪೇರಿ ಬಳ್ಳಿ ಸೊಕ್ಕುತ್ತದೆ, ಆದರೆ ಬೇರಿನ ಗಂಟು ಕೆಲಸ ನಿಲ್ಲಿಸುತ್ತದೆ. ದುಡಿಯದೆ ಉಣ್ಣುವ ಅಭ್ಯಾಸ ಗಿಡಕ್ಕೂ ಬರುತ್ತದೆ ಎನ್ನಬಹುದು. ಹೇನೂ ಅಂಥ ಸೊಕ್ಕಿದ ಕುಡಿಯನ್ನೇ ಹುಡುಕಿ ಬರುತ್ತದೆ, ಅದರ ಹಿಂದೆ ಕೀಟನಾಶಕ. ಎಳೆಯ ಅಲಸಂದೆ ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಸಿಂಪಡಿಸಿದ ವಿಷ ಆರಿರುವುದೂ ಇಲ್ಲ.

ಸಾವಯವವೆಂದೊಡನೆ ಇಂದು ಎಲ್ಲರ ಬಾಯಲ್ಲೂ ಬರುವುದು ಜೀವಾಮೃತ. ಸುಭಾಷ್ ಪಾಳೇಕರರು ಪ್ರಚಾರಕ್ಕೆ ತಂದ ಈ ದ್ರಾವಣಕ್ಕೆ ಎಕರೆಯೊಂದಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಬೇಕು. ಎರಡು ದಿನ ನೆರಳಿನಲ್ಲಿಟ್ಟು ಹೊಲಕ್ಕೆ ಹಾಕಬೇಕು. ನಾನು ಇದರ ವಿರೋಧಿಯಲ್ಲ. ಆದರೆ ಲೆಕ್ಕವೊಂದನ್ನು ಮಾಡಿ ನೋಡೋಣ. ಹತ್ತು ಕಿಲೋ ಹಸಿ ಸಗಣಿಯಲ್ಲಿ ಸಾರಜನಕ ಸುಮಾರು 30 ಗ್ರಾಂ. ಗಂಜಲದಲ್ಲಿ ಹೆಚ್ಚೆಂದರೆ 100 ಗ್ರಾಂ. ಹಿಟ್ಟಿನಲ್ಲಿ 70 ಗ್ರಾಂ. ಎಲ್ಲ ಕೂಡಿದರೂ ಕಾಲು ಕಿಲೋ ಆಗದು. ರಂಜಕ ಅದಕ್ಕಿಂತಲೂ ಕಡಿಮೆ. ಮಳೆಯಾಶ್ರಿತ ಅಲಸಂದೆಗೆ ಶಿಫಾರಸಾದ ಪೋಷಕಾಂಶಗಳಾದರೋ ಎಕರೆಗೆ ಸರಿಸುಮಾರು 10 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್. ಅಂದಮೇಲೆ ಜೀವಾಮೃತವು ಆಹಾರವಲ್ಲ, ಹೆಪ್ಪು. ಹಾಲಿದ್ದರೆ ಹೆಪ್ಪಿಗೆ ಬೆಲೆ. ಬರಿಯ ಪಾತ್ರೆಗೆ ಹೆಪ್ಪು ಹಾಕಿ ಮೊಸರಿಗೆ ಕಾಯುವವರು ಮರುವರ್ಷ ಸಾವಯವವನ್ನೇ ಬೈಯುತ್ತಾರೆ. ಮಣ್ಣಿಗೆ ಮೊದಲು ಗೊಬ್ಬರ, ಎಲೆ, ಕಸಕಡ್ಡಿಯ ಹೊದಿಕೆ ಬೀಳಬೇಕು. ಆಮೇಲೆ ಜೀವಾಮೃತ ಹಾಕಿದರೆ ಅದಕ್ಕೆ ಅರ್ಥವಿದೆ. ಇನ್ನೊಂದು ಮಾತು ಆರೋಗ್ಯಕ್ಕೆ ಸಂಬಂಧಿಸಿದ್ದು: ಹಸಿ ಸಗಣಿಯ ಈ ದ್ರಾವಣವನ್ನು ಬುಡಕ್ಕೆ ಹಾಕಬೇಕೇ ಹೊರತು ಕೀಳುವ ಹಂತದ ಎಳೆಗಾಯಿಯ ಮೇಲೆ ಎರಚಬಾರದು. ಸಗಣಿಯ ರೋಗಾಣುಗಳು ಬೆಲ್ಲ ತಿಂದು ಸಾತ್ವಿಕವಾಗುವುದಿಲ್ಲ.

ಹಾಗಾದರೆ ಹಾಲು ಯಾವುದು? ಕೊಟ್ಟಿಗೆ ಗೊಬ್ಬರ. ಎಕರೆಗೆ 3 ಟನ್ ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ 15 ಕಿಲೋದಷ್ಟು ಸಾರಜನಕ, ಅಷ್ಟೇ ಪೊಟ್ಯಾಷ್ ದೊರೆಯುತ್ತದೆ. ಅವೆರಡೂ ಸಾಕು. ರಂಜಕ ಮಾತ್ರ 6-7 ಕಿಲೋಕ್ಕೆ ನಿಲ್ಲುತ್ತದೆ. ಅಲಸಂದೆಯ ಇಳುವರಿಯ ಕೀಲಿ ಇಲ್ಲಿದೆ ಎಂದು ನನ್ನ ನಂಬಿಕೆ. ಸಾವಯವ ಕೃಷಿಯಲ್ಲಿ ಎಲುಬಿನ ಪುಡಿಯಿಂದ ಈ ಕೊರತೆ ತುಂಬಿಸುವ ರೂಢಿಯುಂಟು. ನಮ್ಮ ಭಕ್ತರಲ್ಲಿ ಬಹಳ ಮಂದಿ ಅದನ್ನು ಮುಟ್ಟಲು ಒಪ್ಪರು, ಒತ್ತಾಯಿಸುವುದೂ ಬೇಡ. ಶಿಲಾರಂಜಕವಿದೆ. ನೆಲದಿಂದ ಅಗೆದ ಬಂಡೆಯ ಪುಡಿಯಾದ ಅದನ್ನು ಸಾವಯವ ನಿಯಮಗಳೂ ಒಪ್ಪುತ್ತವೆ. ಶೇ. 20ರ ಆಸುಪಾಸಿನ ಶಿಲಾರಂಜಕವಾದರೆ ಎಕರೆಗೆ 60-65 ಕಿಲೋ ಸಾಕು. ಅದನ್ನು ನೇರವಾಗಿ ಹೊಲಕ್ಕೆ ಸುರಿದರೆ ಕರಗುವುದು ನಿಧಾನ. ಗೊಬ್ಬರದ ಗುಂಡಿಯಲ್ಲಿ ಪದರ ಪದರವಾಗಿ ಎರಚಿ, ರಂಜಕ ಕರಗಿಸುವ ಜೀವಾಣು ಗೊಬ್ಬರ ಬೆರೆಸಿ ಒಂದೆರಡು ತಿಂಗಳು ಕಳಿಯಲು ಬಿಟ್ಟು ಹಾಕಿದರೆ ಗಿಡಕ್ಕೆ ಸಿಗುತ್ತದೆ. ಎರೆಹುಳು ಗೊಬ್ಬರವುಳ್ಳವರು ಎಕರೆಗೆ ಒಂದು ಟನ್ ಹಾಕಿದರೂ ಕೊರತೆಯ ಬಹುಪಾಲು ತುಂಬುತ್ತದೆ. ಹೊಂಗೆಯ ಸೊಪ್ಪು, ಹೊಂಗೆ ಹಿಂಡಿ ಈ ಸೀಮೆಗೆ ಹೊಸದಲ್ಲ. ಬದುವಿನ ಹೊಂಗೆ ಮರವನ್ನು ಕಡಿದು ಹಿಂಡಿಗೆ ಪೇಟೆಗೆ ಹೋಗುವುದು ಮಾತ್ರ ಹೊಸದು.

ಬಿತ್ತನೆಯ ದಿನ ರೈಜೋಬಿಯಂ ಪುಡಿಯನ್ನು ಬೆಲ್ಲದ ತಿಳಿಪಾಕದಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಅಲಸಂದೆಗೆ ಒಗ್ಗುವ ಪೊಟ್ಟಣವನ್ನೇ ಕೇಳಿ ತರಬೇಕು. ಸೋಯಾಬೀನಿನದು ಇದಕ್ಕೆ ಬಾರದು. ಬೂದಿ, ಸುಣ್ಣ, ರಾಸಾಯನಿಕ ಶಿಲೀಂಧ್ರನಾಶಕಗಳನ್ನು ಅದೇ ಬೀಜಕ್ಕೆ ಸವರಿದರೆ ಮಾಡಿದ ಉಪಚಾರ ವ್ಯರ್ಥ. ಬಿತ್ತಿದ 30-35ನೆಯ ದಿನ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ನೀರಿನಲ್ಲಿ ತೊಳೆದು, ಬೇರುಗಂಟನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ರಕ್ತದಂತೆ ನಸುಗೆಂಪಾಗಿದ್ದರೆ ಗಂಟು ದುಡಿಯುತ್ತಿದೆ. ಬಿಳಿಯೋ ಹಸಿರೋ ಆಗಿದ್ದರೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಬಂಧುವಾದ, ಕಬ್ಬಿಣವನ್ನೊಳಗೊಂಡ ಒಂದು ಪದಾರ್ಥ ಆ ಕೆಂಪಿಗೆ ಕಾರಣ. ರಕ್ತಹೀನತೆಯ ಮಾತಾಡುವವರು ಒಮ್ಮೆಯಾದರೂ ಈ ಗಂಟನ್ನು ಒಡೆದು ನೋಡತಕ್ಕದ್ದು. ಕೊಯ್ಲಿನಲ್ಲಿ ಗಿಡವನ್ನು ಬೇರುಸಹಿತ ಕೀಳದೆ ಕೊಯ್ದುಕೊಂಡರೆ ಆ ಗಂಟುಗಳು ನೆಲದಲ್ಲೇ ಉಳಿದು ಮುಂದಿನ ರಾಗಿಗೆ ಉಣಿಸಾಗುತ್ತವೆ.

ಈ ಭಾಗದ ಮಳೆಗೆ ಎರಡು ಏರುಗಳಿವೆ: ಮೇ ತಿಂಗಳ ಸುಮಾರಿಗೆ ಒಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು. ಮೊದಲ ಮಳೆಗೆ 80-90 ದಿನದ ಅಲಸಂದೆ ಬಿತ್ತಿ, ಅದನ್ನು ತೆಗೆದು ರಾಗಿಯ ಪೈರನ್ನು ನಾಟಿ ಮಾಡುವ ಕ್ರಮವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಒಣ ಬೇಸಾಯ ವಿಭಾಗವು ಬಹುಕಾಲದಿಂದ ಹೇಳುತ್ತ ಬಂದಿದೆ. ಅದೇ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿ 1978ರಿಂದ ನಡೆದುಬಂದ ದೀರ್ಘಾವಧಿಯ ರಾಗಿ ಪ್ರಯೋಗವೊಂದರ ಪಾಠವನ್ನೂ ಇಲ್ಲಿ ನೆನೆಯಬೇಕು. ಬರಿಯ ರಾಸಾಯನಿಕ ಗೊಬ್ಬರ ಕಂಡ ತಾಕುಗಳಲ್ಲಿ ಇಳುವರಿ ವರ್ಷ ವರ್ಷಕ್ಕೆ ಕುಗ್ಗಿತು. ಕೊಟ್ಟಿಗೆ ಗೊಬ್ಬರವೂ ಸೇರಿದಲ್ಲಿ ನಿಂತಿತು. ಎಲ್ಲಕ್ಕಿಂತ ಮೇಲಾದದ್ದು ಎರಡನ್ನೂ ಕೂಡಿಸಿ ಕೊಟ್ಟ ತಾಕು. ಶುದ್ಧ ಸಾವಯವವಾದಿಗಳಿಗೆ ಇದು ಕಸಿವಿಸಿಯ ಮಾತು. ಆದರೆ ಕಂಡದ್ದನ್ನು ಮುಚ್ಚಿಡುವುದು ಶರಣರ ದಾರಿಯಲ್ಲ. ರಾಗಿ ಸಾರಜನಕವನ್ನು ಬೇಡುವ ಬೆಳೆ, ಅಲಸಂದೆ ತಾನೇ ಸಾರಜನಕ ತರುವ ಬೆಳೆ. ಆದ್ದರಿಂದಲೇ ರಾಸಾಯನಿಕವನ್ನು ಸಂಪೂರ್ಣ ಬಿಡಬೇಕೆನ್ನುವ ರೈತ ರಾಗಿಯಿಂದಲ್ಲ, ಟೊಮೆಟೊದಿಂದಂತೂ ಅಲ್ಲ, ಅಲಸಂದೆಯಿಂದ ಆರಂಭಿಸುವುದು ಜಾಣತನ. ಒಳ್ಳೆಯ ತಳಿ, ಹದವಾದ ಮಳೆ, ರಂಜಕದ ಕೊರತೆಯಿಲ್ಲದ ಮಣ್ಣು ಕೂಡಿಬಂದರೆ ಎಕರೆಗೆ 4 ಕ್ವಿಂಟಾಲ್ ಕಾಳು ದುರಾಸೆಯೇನಲ್ಲ. ಸಾವಯವದ ಕಾಳಿನಲ್ಲಿ ಸಸಾರಜನಕ ಹಲವು ಪಟ್ಟು ಹೆಚ್ಚೆಂದು ಮಾರುವವರನ್ನು ಮಾತ್ರ ನಂಬಬೇಡಿ. ವಿಷದ ಉಳಿಕೆಯಿಲ್ಲದ್ದು, ಸಾಲವಿಲ್ಲದೆ ಬೆಳೆದದ್ದು ಎಂಬ ಎರಡೇ ಗುಣಗಳು ಅದಕ್ಕೆ ಸಾಕಷ್ಟು ಭೂಷಣ.

ಹಾಲಿನ ಜಿಲ್ಲೆಯಲ್ಲಿ ಸಗಣಿಗೆ ಬರವಿಲ್ಲ. ಅದು ಹೋಗುವ ದಾರಿ ಬೇರೆ. ಹಿಪ್ಪುನೇರಳೆಗೆ, ಟೊಮೆಟೊಗೆ ಗಾಡಿಗಟ್ಟಲೆ. ಕಾಳಿನ ಹೊಲಕ್ಕೆ ಬುಟ್ಟಿಯಷ್ಟೂ ಇಲ್ಲ. ಉಳಿದದ್ದು ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿ, ಮಳೆಗೆ ತೊಳೆದು, ಸಾರ ಕಳೆದುಕೊಂಡು ಬರಿ ನಾರಾಗುತ್ತದೆ. ತಿಪ್ಪೆಗೆ ಒಂದು ಚಪ್ಪರ, ಕೊಟ್ಟಿಗೆಯ ಗಂಜಲಕ್ಕೆ ಒಂದು ಕಾಲುವೆ, ಇಷ್ಟೇ ಮಾಡಿದರೂ ಗೊಬ್ಬರದ ಬಲ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯ. ರಾಬರ್ಟ್‌ಸನ್‌ಪೇಟೆಯಿಂದ ಕಣ್ಣೆತ್ತಿದರೆ ಕಾಣುವ ಬೂದುಬಣ್ಣದ ಗುಡ್ಡಗಳು ಪ್ರಕೃತಿ ನಿರ್ಮಿಸಿದವಲ್ಲ. ನೂರಕ್ಕೂ ಹೆಚ್ಚು ವರ್ಷ ಬಂಡೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು ಅವು; ಜನ ಸೈನೈಡ್ ಗುಡ್ಡ ಎನ್ನುತ್ತಾರೆ. ಇಂತಹ 13 ರಾಶಿಗಳಿವೆ, ತೂಕ ಮೂರು ಕೋಟಿ ಟನ್ನಿಗೂ ಮಿಗಿಲು. ಆಷಾಢದ ಗಾಳಿಗೆ ಆ ಪುಡಿ ಎದ್ದು ಮನೆ, ಹೊಲ, ನೀರೆಲ್ಲದರ ಮೇಲೆ ಕೂರುತ್ತದೆ. ಅಲಸಂದೆ ಎಲೆ ಬಿಡುವ ಕಾಲವೂ ಅದೇ. ಸೈನೈಡ್ ಬಿಸಿಲಿಗೂ ಕಾಲಕ್ಕೂ ಸಿಕ್ಕಿ ಬಹುಮಟ್ಟಿಗೆ ಒಡೆದು ಹೋಗುತ್ತದೆ. ಆದರೆ ಇಂತಹ ಗಣಿಪುಡಿಗಳಲ್ಲಿ ಸಾಮಾನ್ಯವಾಗಿ ಇರಬಹುದಾದ ಆರ್ಸೆನಿಕ್, ಸೀಸದಂತಹ ಧಾತುಗಳಿಗೆ ಸಾವಿಲ್ಲ. ಮರಳಿನ ಬೆಲೆ ಏರಿದಂತೆ ಈ ಪುಡಿಯನ್ನು ಹೊಲದ ಜಿಗುಟು ಕಡಿಮೆಮಾಡಲು, ಗೊಬ್ಬರದ ಗುಂಡಿಗೆ ಬೆರೆಸಲು, ಕುಂಡಕ್ಕೆ ತುಂಬಲು ಯಾರಾದರೂ ಸಲಹೆ ಮಾಡಿದರೆ ದಯವಿಟ್ಟು ಕಿವಿಗೊಡಬೇಡಿ. ಸಾವಯವ ಗೊಬ್ಬರ ಎಷ್ಟೇ ಹಾಕಿದರೂ ಈ ಲೋಹ ಕರಗಿ ಹೋಗದು. ಕಳಿತ ಗೊಬ್ಬರ ಸೀಸವನ್ನು ಒಂದಿಷ್ಟು ಕಟ್ಟಿಹಾಕಬಲ್ಲದು. ಆದರೆ ಮೇಲೆ ನಾನೇ ಹೊಗಳಿದ ರಂಜಕ, ಆರ್ಸೆನಿಕ್ ಇರುವ ಮಣ್ಣಿನಲ್ಲಿ ಅದನ್ನು ಸಡಿಲಿಸಿ ಬೇರಿಗೆ ಕೊಡುವ ಅಪಾಯವಿದೆ. ಗುಡ್ಡದ ಬುಡದ ಹೊಲಕ್ಕೂ ಬೇತಮಂಗಲದ ಹೊಲಕ್ಕೂ ಒಂದೇ ಚೀಟಿ ಬರೆದುಕೊಡಲು ಬರುವುದಿಲ್ಲ.

ಇಲ್ಲಿ ಸರ್ಕಾರದ ವ್ಯವಸ್ಥೆಯ ಒಂದು ಕೊರೆಯನ್ನು ಹೇಳಲೇಬೇಕು. 2015ರಿಂದ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಆರ್ಸೆನಿಕ್ ಇಲ್ಲ, ಸೀಸವಿಲ್ಲ, ಕ್ಯಾಡ್ಮಿಯಮ್ ಇಲ್ಲ. ಗೊಬ್ಬರ ನಿಯಂತ್ರಣ ಆದೇಶವು ಪಟ್ಟಣದ ಕಾಂಪೋಸ್ಟಿಗಾದರೆ ಕಿಲೋಗೆ ಆರ್ಸೆನಿಕ್ 10 ಮಿಲಿಗ್ರಾಂ, ಕ್ಯಾಡ್ಮಿಯಮ್ 5, ಸೀಸ 100 ಎಂದು ಮಿತಿ ಹಾಕಿದೆ. ಹಾಕುವ ಗೊಬ್ಬರಕ್ಕೆ ಮಿತಿಯುಂಟು, ಹಾಕಿಸಿಕೊಳ್ಳುವ ಮಣ್ಣಿಗೆ ಪರೀಕ್ಷೆಯೇ ಇಲ್ಲ. ದೇಶಕ್ಕೆಲ್ಲ ಈ ಪರೀಕ್ಷೆ ಬೇಕೆಂದು ನಾನು ಕೇಳುತ್ತಿಲ್ಲ, ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಗಣಿ ಸುತ್ತಲ ಗ್ರಾಮಗಳಿಗಾದರೂ ಸರ್ಕಾರದ ಖರ್ಚಿನಲ್ಲೇ ಆಗಬೇಕು. 2024ರ ಜೂನಿನಲ್ಲಿ ಈ ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡ ಕದಲಿದರೆ ಧೂಳೂ ಕದಲುತ್ತದೆ. ಕದಲುವ ಮೊದಲೇ ಸುತ್ತಲಿನ ಹೊಲಗಳ ಮಣ್ಣು ಹೇಗಿತ್ತು ಎಂಬ ದಾಖಲೆ ಕಾಗದದ ಮೇಲೆ ಇರತಕ್ಕದ್ದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬುತ್ತಿರುವ ಕೆರೆಗಳ ಗೋಡಿಗೂ ಇದೇ ಮಾತು ಅನ್ವಯಿಸುತ್ತದೆ. ಮಳೆನೀರಿನ ಹಳೆಯ ಕೆರೆಯ ಗೋಡು ಕೆಂಪು ಮಣ್ಣಿಗೆ ವರದಾನ. ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಹೊಸ ನೀರು ಕಂಡ ಕೆರೆಯದನ್ನು ಪರೀಕ್ಷೆ ಮಾಡಿಸಿಯೇ ಹೊಡೆಯಬೇಕು.

ಪರೀಕ್ಷೆ ಆಗುವವರೆಗೆ ಗುಡ್ಡದ ಸಮೀಪದವರು ಏನು ಮಾಡಬೇಕು? ಲೋಹಗಳು ಸಾಮಾನ್ಯವಾಗಿ ಬೇರಿನಲ್ಲೂ ಎಲೆಯಲ್ಲೂ ಹೆಚ್ಚು, ಕಾಳಿನಲ್ಲಿ ಕಡಿಮೆ ಸೇರುತ್ತವೆ. ಧೂಳಂತೂ ಎಲೆಯ ಮೇಲೇ ಕೂರುತ್ತದೆ. ಅಲ್ಲಿಯ ಅಲಸಂದೆ ಸೊಪ್ಪನ್ನು ಬಸ್ಸಾರಿಗೆ ಬಳಸದಿರುವುದು ಕ್ಷೇಮ. ಗಡ್ಡೆ ತರಕಾರಿ, ದಂಟು ಬೇಡ. ಹೊಲದ ಗಾಳಿಯ ದಿಕ್ಕಿಗೆ ಹೊಂಗೆ, ಬೇವಿನ ಸಾಲು ಎಬ್ಬಿಸಬೇಕು. ಮಣ್ಣಾಡಿದ ಮಕ್ಕಳ ಕೈ ತೊಳೆಸದೆ ಊಟಕ್ಕೆ ಕೂರಿಸಬಾರದು.

ಕೊನೆಯದಾಗಿ ಮಠಗಳಿಗೆ ಒಂದು ಬಿನ್ನಹ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಯುತ್ತದೆ. ಸುತ್ತೂರಿನ ಮಠದ ವಿದ್ಯಾಪೀಠ ಕೃಷಿ ವಿಜ್ಞಾನ ಕೇಂದ್ರವನ್ನೇ ನಡೆಸುತ್ತದೆ. ಅಂಥ ಮಹಾಮಠಗಳ ಮಾತಿರಲಿ, ಐವತ್ತು ಮಂದಿಗೆ ಪ್ರಸಾದ ಬಡಿಸುವ ಮಠವೂ ವಾರಕ್ಕೆ ಎರಡು ದಿನ ತೊಗರಿಬೇಳೆಯ ಬದಲು ಅಲಸಂದೆ ಬೇಯಿಸಬಹುದು. ತಲೆಗೆ 50 ಗ್ರಾಮಿನಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಎರಡೂವರೆ ಕ್ವಿಂಟಾಲಿಗೂ ಮೇಲೆ ಕಾಳು ಬೇಕು; ಒಂದು ಎಕರೆಯ ಬೆಳೆಯ ಬಹುಭಾಗ. ಆ ಎಕರೆ ಯಾವ ಊರಿನ ಯಾವ ಭಕ್ತನದು ಎಂದು ಭರಣಿ ಮಳೆಗೆ ಮುಂಚೆಯೇ ಗೊತ್ತುಮಾಡಿ, ಮಠದ ಗೋಶಾಲೆಯ ಗೊಬ್ಬರವನ್ನು ಆ ಹೊಲಕ್ಕೆ ಕಳುಹಿಸಿ, ಕಾಳನ್ನು ಮಠವೇ ಕೊಳ್ಳಲಿ. ಕಾಣಿಕೆಯಾಗಿ ಪಡೆಯುವುದಲ್ಲ, ಕೊಳ್ಳುವುದು. ಪೇಟೆಯ ಅಂದಿನ ದರಕ್ಕೆ ತೂಗಿಸಿಕೊಂಡು, ತಕ್ಕಡಿ ಇಳಿಸುವ ಮೊದಲೇ ಹಣ ಎಣಿಸಿ ಕೊಡಬೇಕು. ಮಂಡಿಯಲ್ಲಿ ಟೊಮೆಟೊ ಸುರಿದು ಚೀಟಿ ಹಿಡಿದು ಅಲೆದ ರೈತನಿಗೆ ಅದೇ ಮುಖ್ಯ.